ನಿಧಾನವಾಗಿ ತಿರುಗಿಸುವಾಗ ಬೈಕ್ ವಾಲುತ್ತದೆ: ವೇಗ ಹೆಚ್ಚಿಸಬೇಕೇ, ಕ್ಲಚ್ ಹಿಡಿಯಬೇಕೇ?

ಕಲ್ಪತರು ಹುಡುಗಿ
ಎಲ್ಲರಿಗೂ ನಮಸ್ಕಾರ. ಊರು ತುಮಕೂರು. ಸ್ಕೂಟರ್ ಓಡಿಸಿ ಚೆನ್ನಾಗಿ ರೂಢಿಯಿದೆ, ಅದರ ಡಿಎಲ್ ಕೂಡ ಇದೆ. ಈಗ ಗೇರ್ ಇರುವ ಗಾಡಿಗೆ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಮಾಡಿಸಿ ಮನೆಯಲ್ಲಿರುವ 2021ರ ಸ್ಪ್ಲೆಂಡರ್ ಪ್ಲಸ್‌ನಲ್ಲಿ ಕಲಿಯುತ್ತಿದ್ದೇನೆ. ನೇರ ರಸ್ತೆಯಲ್ಲಿ ಯಾವ ತೊಂದರೆಯೂ ಇಲ್ಲ. ಗೇರ್ ಬದಲಿಸುವುದು, ಏರಿನಲ್ಲಿ ನಿಲ್ಲಿಸಿ ಹೊರಡುವುದು ಎಲ್ಲವೂ ಬರುತ್ತದೆ. ಕಷ್ಟವೆಲ್ಲ ನಿಧಾನವಾಗಿ ತಿರುಗಿಸುವಲ್ಲಿ.

ನಮ್ಮ ಬೀದಿ ಮೂವತ್ತು ಅಡಿಯದು. ಎರಡೂ ಬದಿಗೆ ಕಾರು ನಿಂತರೆ ಉಳಿಯುವುದು ಅದರಲ್ಲಿ ಅರ್ಧ. ಯೂ-ಟರ್ನ್ ತೆಗೆದುಕೊಳ್ಳಲು ಹೋದರೆ ಅರ್ಧ ತಿರುಗುವಷ್ಟರಲ್ಲಿ ಹ್ಯಾಂಡಲ್ ಒಮ್ಮೆಲೇ ಒಳಕ್ಕೆ ಮಡಚಿಕೊಂಡು ಗಾಡಿ ವಾಲುತ್ತದೆ, ಕಾಲು ಊರದೆ ವಿಧಿಯಿಲ್ಲ. ಬಲಕ್ಕೆ ತಿರುಗಿಸುವಾಗ ಇನ್ನೂ ಕಷ್ಟ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅಣ್ಣ "ಸ್ವಲ್ಪ ವೇಗ ಕೊಡು" ಎನ್ನುತ್ತಾನೆ. ಅಪ್ಪ "ಕ್ಲಚ್ ಹಿಡಿದು ತಿರುಗಿಸು" ಎನ್ನುತ್ತಾರೆ. ಪಕ್ಕದ ಮನೆಯವರು "ಎರಡೂ ಕಾಲು ಕೆಳಗೆ ಬಿಟ್ಟುಕೊಂಡು ತಳ್ಳಿಕೊಂಡು ಹೋಗಮ್ಮ" ಎನ್ನುತ್ತಾರೆ. ಆರ್‌ಟಿಒ ಪರೀಕ್ಷೆಯಲ್ಲಿ ಎಂಟು ಹಾಕುವಾಗ, ಅಂದರೆ ಎಂಟರ ಆಕಾರದಲ್ಲಿ ಗಾಡಿ ಓಡಿಸುವಾಗ, ಕಾಲು ಊರುವ ಹಾಗಿಲ್ಲವಲ್ಲ. ಬಲ್ಲವರು ಹೇಳಿ.

ಕರಾವಳಿ ಸವಾರ
ತಿರುಗಿಸುವಾಗ ಬಲಗೈ ಬೆರಳುಗಳು ಎಲ್ಲಿರುತ್ತವೆ? ಮುಂದಿನ ಬ್ರೇಕಿನ ಮೇಲೆಯೇ?

ಕಲ್ಪತರು ಹುಡುಗಿ
ಹೌದು, ಎರಡು ಬೆರಳು ಬ್ರೇಕಿನ ಮೇಲೆಯೇ ಇರುತ್ತವೆ. ಸ್ಕೂಟರಿನ ರೂಢಿ. ಹೆದರಿಕೆಯಾದ ಕೂಡಲೇ ಹಿಡಿದುಬಿಡುತ್ತೇನೆ.

ಕರಾವಳಿ ಸವಾರ
ಹಾಗಾದರೆ ಕಾರಣ ಅರ್ಧ ಸಿಕ್ಕಿತು. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿದರೆ ಗಾಡಿಯ ಭಾರವೆಲ್ಲ ಆ ಓರೆಯಾದ ಚಕ್ರದ ಮೇಲೆ ಬೀಳುತ್ತದೆ. ನೀವು ಹೇಳಿದ ಆ "ಮಡಚಿಕೊಳ್ಳುವುದು" ಅದೇ. ನಿಧಾನದ ತಿರುವಿನಲ್ಲಿ ಆ ಬೆರಳುಗಳನ್ನು ಹ್ಯಾಂಡಲ್ ಹಿಡಿಯ ಸುತ್ತಲೇ ಇಟ್ಟುಕೊಳ್ಳಿ.

ಸ್ಪ್ಯಾನರ್ ಹಾಸನ
ತಂಗಿ, ಅಪ್ಪ ಹೇಳಿದ್ದು ತಪ್ಪು, ಅಣ್ಣ ಹೇಳಿದ್ದು ಅರ್ಧ ಸರಿ. ವಿವರವಾಗಿ ಹೇಳುತ್ತೇನೆ.

ನಡಿಗೆಯ ವೇಗದಲ್ಲಿ ಗಾಡಿಯನ್ನು ನಿಲ್ಲಿಸಿಟ್ಟಿರುವುದು ಹಿಂದಿನ ಚಕ್ರಕ್ಕೆ ಎಂಜಿನ್ ಕೊಡುವ ತಳ್ಳು. ಗಾಡಿ ಒಳಕ್ಕೆ ವಾಲುತ್ತಿರುವಾಗ ತಳ್ಳು ಸ್ವಲ್ಪ ಹೆಚ್ಚಾದರೆ ಅದು ನೆಟ್ಟಗಾಗುತ್ತದೆ, ತಳ್ಳು ನಿಂತರೆ ಅಲ್ಲೇ ಕುಸಿಯುತ್ತದೆ. ತಿರುವಿನ ನಡುವೆ ಕ್ಲಚ್ ಪೂರ್ತಿ ಹಿಡಿದರೆ ಆಗುವುದು ಇದೇ. ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ಇದೇ. ಮುಂದಿನ ಬ್ರೇಕ್ ಹಿಡಿದರಂತೂ ಕೇಳುವುದೇ ಬೇಡ. ಹೊಸಬರು ಹೆದರಿದಾಗ ಈ ಮೂರನ್ನೂ ಒಟ್ಟಿಗೇ ಮಾಡುತ್ತಾರೆ, ಆಮೇಲೆ "ನಿಧಾನವಾಗಿ ಹೋದದ್ದಕ್ಕೆ ಬಿದ್ದೆ" ಎನ್ನುತ್ತಾರೆ. ನಿಧಾನ ಏನು ಪಾಪ ಮಾಡಿತು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು.

ಮಾಡಬೇಕಾದದ್ದು ಹೀಗೆ. ಮೊದಲ ಗೇರ್. ಆಕ್ಸಿಲರೇಟರ್ ಒಂದು ಹದದಲ್ಲಿ ಹಿಡಿದರೆ ಅದನ್ನು ಮತ್ತೆ ಅಲುಗಿಸಬಾರದು. ವೇಗ ಹೆಚ್ಚು ಕಡಿಮೆ ಮಾಡುವುದೆಲ್ಲ ಹಾಫ್ ಕ್ಲಚ್ಚಿನಲ್ಲಿ (ಕ್ಲಚ್ ಲಿವರ್ ಅರ್ಧ ಮಾತ್ರ ಬಿಟ್ಟು) ಮತ್ತು ಬಲಗಾಲಿನ ಬ್ರೇಕಿನಲ್ಲಿ. ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಿಕೊಂಡೇ ಇರಬೇಕು, ಬಿಟ್ಟು ಬಿಟ್ಟು ಒತ್ತಬಾರದು. ಎಂಜಿನ್ ಮುಂದಕ್ಕೆ ಎಳೆಯುತ್ತದೆ, ಬ್ರೇಕ್ ಹಿಂದಕ್ಕೆ ಹಿಡಿಯುತ್ತದೆ. ಈ ಎಳೆದಾಟದ ನಡುವೆ ಗಾಡಿ ಬಿಗಿಯಾಗಿ, ಜಗ್ಗದೆ ಸಾಗುತ್ತದೆ. ಚೈನಿನ ಸಡಿಲವೂ ಆಗ ಕಾಡುವುದಿಲ್ಲ.

ಮೊದಲು ತಿರುಗಿಸಲೇ ಬೇಡ. ಸಮತಟ್ಟಾದ ಜಾಗದಲ್ಲಿ ಆಕ್ಸಿಲರೇಟರ್ ಮುಟ್ಟದೆ, ಮೊದಲ ಗೇರಿನಲ್ಲಿ ಕ್ಲಚ್ ಮೆಲ್ಲಗೆ ಬಿಡು. ಸ್ಪ್ಲೆಂಡರ್ ತಾನಾಗಿಯೇ ನಡೆಯತೊಡಗುತ್ತದೆ. ಕ್ಲಚ್ ಲಿವರ್ ಎಲ್ಲಿ ಬಂದಾಗ ಅದು ಕಚ್ಚಿಕೊಳ್ಳುತ್ತದೆ ಎನ್ನುವುದು ಎಡಗೈಗೆ ತಿಳಿಯಬೇಕು. ಅದು ತಿಳಿದ ಮೇಲೆ ತಿರುವು.

ಬೆಂಗಳೂರು ದಕ್ಷಿಣ
ಸ್ಪ್ಯಾನರ್ ಅವರೇ, ಕ್ಷಮಿಸಿ, ಹೊಸಬರಿಗೆ ಹಾಫ್ ಕ್ಲಚ್ ಕಲಿಸುವುದು ಸರಿಯಲ್ಲ. ಕ್ಲಚ್ ಪ್ಲೇಟ್ ಸುಟ್ಟುಹೋಗುತ್ತದೆ. ನನಗೆ ಕಲಿಸಿದವರು "ಹಾಫ್ ಕ್ಲಚ್ಚಿನಲ್ಲಿ ಓಡಿಸಿದರೆ ಕೈಗೆ ಏಟು" ಎನ್ನುತ್ತಿದ್ದರು.

ಸ್ಪ್ಯಾನರ್ ಹಾಸನ
ಕಾರಿನ ಮಾತನ್ನು ಬೈಕಿಗೆ ತಂದು ಹಚ್ಚಬೇಡಿ. ಕಾರಿನಲ್ಲಿ ಇರುವುದು ಒಣ ಕ್ಲಚ್, ಒಂದೇ ಪ್ಲೇಟ್. ಸ್ಪ್ಲೆಂಡರ್, ಪಲ್ಸರ್, ಬುಲೆಟ್ ಇವೆಲ್ಲದರಲ್ಲೂ ಹಲವು ಪ್ಲೇಟ್‌ಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಉಜ್ಜಿದಾಗ ಹುಟ್ಟುವ ಬಿಸಿಯನ್ನು ಆಯಿಲ್ ಎಳೆದುಕೊಳ್ಳುತ್ತದೆ. ತಿರುವಿಗೆ ಬೇಕಾದ ಕೆಲವು ಕ್ಷಣದ ಹಾಫ್ ಕ್ಲಚ್ಚಿನಿಂದ ಅದು ಸುಡುವುದಿಲ್ಲ. ಸುಡುವುದು ಯಾವಾಗ ಎಂದರೆ, ಏರಿನಲ್ಲಿ ಬ್ರೇಕ್ ಹಾಕದೆ ಕ್ಲಚ್ಚಿನಲ್ಲೇ ಗಾಡಿ ನಿಲ್ಲಿಸಿಕೊಂಡಾಗ, ಮೂರನೇ ಗೇರಿನಲ್ಲಿ ಹಾಫ್ ಕ್ಲಚ್ ಹಿಡಿದು ಎಳೆಸಿದಾಗ, ಮತ್ತು ದಿನವಿಡೀ ಲಿವರ್ ಮೇಲೆ ಬೆರಳು ಭಾರ ಬಿಟ್ಟುಕೊಂಡು ಓಡಿಸಿದಾಗ. ತುಂಬ ಹೊತ್ತು ಅಭ್ಯಾಸ ಮಾಡಿದರೆ ನಡುವೆ ಒಂದು ಸುತ್ತು ಎರಡನೇ ಗೇರಿನಲ್ಲಿ ಓಡಿಸಿಕೊಂಡು ಬಂದರಾಯಿತು, ಎಂಜಿನ್ ತಣ್ಣಗಾಗುತ್ತದೆ.

ಬೆಂಗಳೂರು ದಕ್ಷಿಣ
ಒಪ್ಪಿದೆ. ಆದರೂ ಕ್ಲಚ್ ಕೇಬಲ್ ಬಿಗಿಯಾಗಿದ್ದರೆ ಹಾಫ್ ಕ್ಲಚ್ ಹಿಡಿದ ಹಾಗೆಯೇ ಆಗುತ್ತದಲ್ಲ, ಅದನ್ನೂ ಹೇಳಿ.

ಸ್ಪ್ಯಾನರ್ ಹಾಸನ
ಅದು ನ್ಯಾಯವಾದ ಮಾತು. ಲಿವರ್ ತುದಿಯಲ್ಲಿ 10ರಿಂದ 15 ಮಿಲಿಮೀಟರ್ ಸಡಿಲ ಇರಬೇಕು. ಅದಕ್ಕಿಂತ ಬಿಗಿಯಿದ್ದರೆ ಕ್ಲಚ್ ಜಾರುತ್ತದೆ, ಸಡಿಲವಿದ್ದರೆ ಪೂರ್ತಿ ಬಿಡುವುದಿಲ್ಲ.

ಮಲೆನಾಡ ತಿರುವು
ಎಲ್ಲರೂ ಕೈಕಾಲಿನ ಮಾತೇ ಆಡುತ್ತಿದ್ದೀರಿ. ಕಣ್ಣು? ನೆಲ ನೋಡಿಕೊಂಡು ತಿರುಗಿಸಿದರೆ ನೆಲಕ್ಕೇ ಹೋಗುವುದು. ಯೂ-ಟರ್ನ್ ತೆಗೆದುಕೊಳ್ಳುವಾಗ ಗಲ್ಲ ಭುಜದ ಮೇಲೆ ಬರುವಷ್ಟು ಕತ್ತು ಹೊರಳಿಸಿ, ಹೋಗಬೇಕಾದ ದಿಕ್ಕಿನ ದೂರವನ್ನು ನೋಡಬೇಕು. ಮುಂದಿನ ಚಕ್ರವನ್ನು ನೋಡುವುದೇ ಬೇಡ, ಅದು ಎಲ್ಲಿಗೂ ಹೋಗುವುದಿಲ್ಲ. ನಿಂತ ಕಾರನ್ನೂ ನೋಡಬಾರದು. ಯಾವುದನ್ನು ದಿಟ್ಟಿಸುತ್ತೀರೋ ಗಾಡಿ ಅದರತ್ತಲೇ ಸಾಗುತ್ತದೆ.

ಇನ್ನೊಂದು. ಹದಿನೈದು ಅಡಿಯಲ್ಲಿ ಕಲಿಯಲು ಹೊರಟಿದ್ದೇ ಕಷ್ಟ. ಇಪ್ಪತ್ತು ಅಡಿಯಲ್ಲಿ ಸ್ಪ್ಲೆಂಡರ್ ಸಲೀಸಾಗಿ ತಿರುಗುತ್ತದೆ, ಅಷ್ಟು ಬಂದ ಮೇಲೆ ಹದಿನೈದರ ಮಾತು. ಮೊದಲು ಶಾಲೆಯ ಮೈದಾನದಲ್ಲಿ ದೊಡ್ಡ ಸುತ್ತು ಹಾಕಿ, ಸುತ್ತನ್ನು ಚಿಕ್ಕದು ಮಾಡುತ್ತಾ ಬನ್ನಿ.

ದಾವಣಗೆರೆ ರೈಡರ್
ಮೈದಾನದಲ್ಲಿ ಬೇಡ. ಸಡಿಲ ಮಣ್ಣು, ಜಲ್ಲಿ ಇರುವ ಕಡೆ ಹೊಸಬರು ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ಮುಂದಿನ ಚಕ್ರ ಜಾರುತ್ತದೆ. ಹೊಸ ಬಡಾವಣೆಗಳಲ್ಲಿ ರಸ್ತೆ ಹಾಕಿ ಮನೆ ಕಟ್ಟದ ಜಾಗ ಎಷ್ಟು ಬೇಕಾದರೂ ಇದೆ. ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋಗಿ.

ಮಲೆನಾಡ ತಿರುವು
ಗಟ್ಟಿ ನೆಲದ ಮೈದಾನ ಎಂದು ಹೇಳಬೇಕಿತ್ತು. ನಮ್ಮಲ್ಲಿ ಅಡಿಕೆ ಒಣಗಿಸುವ ಅಂಗಳದಲ್ಲೇ ಮಕ್ಕಳು ಕಲಿಯುವುದು, ಅದು ಸಿಮೆಂಟಿನಷ್ಟೇ ಗಟ್ಟಿ.

ಯೆಜ್ಡಿ ಮೈಸೂರು
ಮೈಯನ್ನು ಒಳಗಡೆಗೆ ವಾಲಿಸಿ, ಗಾಡಿ ತಾನೇ ತಿರುಗುತ್ತದೆ. ನಾವು ಕಲಿತದ್ದೇ ಹಾಗೆ.

ಕರಾವಳಿ ಸವಾರ
ಖಂಡಿತ ಬೇಡ! ಅದು ವೇಗದ ತಿರುವಿಗೆ. ನಿಧಾನದ ತಿರುವಿನಲ್ಲಿ ಗಾಡಿ ಒಳಕ್ಕೆ ವಾಲಬೇಕು, ಸವಾರ ಹೊರಗಡೆಗೆ. ಬಲಕ್ಕೆ ತಿರುಗುವಾಗ ಸೀಟಿನ ಎಡ ಅಂಚಿಗೆ ಸ್ವಲ್ಪ ಸರಿದು, ಎಡಗಾಲಿನ ಫುಟ್‌ರೆಸ್ಟ್ ಮೇಲೆ ಭಾರ ಬಿಡಬೇಕು. ಹಾಗೆ ಮಾಡಿದರೆ ಗಾಡಿಯನ್ನು ಇನ್ನಷ್ಟು ವಾಲಿಸಬಹುದು. ಹೆಚ್ಚು ವಾಲಿದಷ್ಟೂ ಕಡಿಮೆ ಜಾಗದಲ್ಲಿ ತಿರುಗುತ್ತದೆ.

ಯೆಜ್ಡಿ ಮೈಸೂರು
ಅಷ್ಟು ವರ್ಷದಿಂದ ಓಡಿಸುತ್ತಿದ್ದೇನೆ, ಒಳಕ್ಕೆ ವಾಲಿದ್ದರಿಂದ ತೊಂದರೆಯಾದದ್ದಿಲ್ಲ.

ಕರಾವಳಿ ಸವಾರ
ತೊಂದರೆಯಾಗಿಲ್ಲ ಎಂದರೆ ನೀವು ತಿರುಗಿಸುವ ಜಾಗ ದೊಡ್ಡದಿದೆ ಎಂದರ್ಥ, ಅಷ್ಟೆ. ಹತ್ತು ಕಿಲೋಮೀಟರ್ ವೇಗದಲ್ಲಿ ಮೈಯನ್ನೂ ಗಾಡಿಯನ್ನೂ ಒಂದೇ ಕಡೆ ವಾಲಿಸಿದರೆ ಎತ್ತಿ ನಿಲ್ಲಿಸುವ ಬಲ ಎಲ್ಲಿಂದ ಬರಬೇಕು?

ಧಾರವಾಡದ ಮೇಷ್ಟ್ರು
ಇಬ್ಬರ ಜಗಳಕ್ಕೂ ಕಾರಣ ವೇಗ. ಓಡುವ ವೇಗದಲ್ಲಿ ಬಲಕ್ಕೆ ಹೋಗಬೇಕೆಂದರೆ ಬಲ ಹ್ಯಾಂಡಲನ್ನು ಮುಂದಕ್ಕೆ ಒತ್ತುತ್ತೇವೆ, ಗಾಡಿ ಬಲಕ್ಕೆ ವಾಲುತ್ತದೆ. ನಡಿಗೆಯ ವೇಗದಲ್ಲಿ ಹಾಗಿಲ್ಲ, ಬಲಕ್ಕೆ ಹೋಗಬೇಕೆಂದರೆ ಹ್ಯಾಂಡಲನ್ನು ಬಲಕ್ಕೇ ತಿರುಗಿಸಬೇಕು. ವೇಗ ಕಡಿಮೆಯಿದ್ದಾಗ ಹೊರಕ್ಕೆ ಎಸೆಯುವ ಬಲ ಕಡಿಮೆ. ಒಳಕ್ಕೆ ವಾಲಿದ ಗಾಡಿಯನ್ನು ಸರಿತೂಗಿಸಲು ಸವಾರನ ಮೈಯೇ ಹೊರಗಡೆ ಇರಬೇಕಾಗುತ್ತದೆ. ಆದ್ದರಿಂದ ಈ ಪ್ರಶ್ನೆಯ ಮಟ್ಟಿಗೆ ಕರಾವಳಿಯವರ ಮಾತು ಸರಿ. ಘಾಟಿಯ ಅಗಲದ ತಿರುವಿನಲ್ಲಿ ಯೆಜ್ಡಿಯವರ ಮಾತೂ ನಡೆಯುತ್ತದೆ.

ಹುಡುಗಿಗೆ ಒಂದು ಮಾತು: ನಮ್ಮ ಊರುಗಳಲ್ಲಿ ಗಣೇಶೋತ್ಸವಕ್ಕೂ ರಾಜ್ಯೋತ್ಸವಕ್ಕೂ ನಿಧಾನ ಸೈಕಲ್ ಸ್ಪರ್ಧೆ ಇಡುತ್ತಾರೆ. ಕೊನೆಗೆ ಬಂದವರಿಗೆ ಬಹುಮಾನ, ಕಾಲು ಊರಿದವರು ಹೊರಗೆ. ಅದರಲ್ಲಿ ಗೆಲ್ಲುವ ಮಕ್ಕಳನ್ನು ನೋಡಿ. ಬ್ರೇಕ್ ಅರ್ಧ ಹಿಡಿದುಕೊಂಡೇ ಪೆಡಲ್ ಮೇಲೆ ಒತ್ತಡ ಬಿಡದೆ ಇರುತ್ತಾರೆ, ಕಣ್ಣು ಗೆರೆಯ ಆಚೆ ತುದಿಯಲ್ಲಿರುತ್ತದೆ. ಸ್ಪ್ಯಾನರ್ ಅವರು ಹೇಳಿದ್ದೂ ಮಲೆನಾಡಿನವರು ಹೇಳಿದ್ದೂ ಅಲ್ಲಿಯೇ ಇದೆ. ಮನೆಯಲ್ಲಿ ಸೈಕಲ್ ಇದ್ದರೆ ಅದರಲ್ಲೇ ಶುರು ಮಾಡಬಹುದು, ಬಿದ್ದರೂ ನೋವಿಲ್ಲ.

ನಾಗೋಯಾ ಕನ್ನಡಿಗ
ಮೇಷ್ಟ್ರು ಹೇಳಿದ ಆ ಸ್ಪರ್ಧೆಯನ್ನೇ ಜಪಾನಿನಲ್ಲಿ ಲೈಸೆನ್ಸ್ ಪರೀಕ್ಷೆಗೆ ಇಟ್ಟಿದ್ದಾರೆ. ಇಲ್ಲಿ ಅದಕ್ಕೆ ಇಪ್ಪೊನ್‌ಬಾಶಿ ಎನ್ನುತ್ತಾರೆ. 15 ಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಎತ್ತರದ ಪಟ್ಟಿಯ ಮೇಲೆ ಬೈಕ್ ಓಡಿಸಬೇಕು. 400 ಸಿಸಿವರೆಗಿನ ಲೈಸೆನ್ಸಿಗೆ ಕನಿಷ್ಠ 7 ಸೆಕೆಂಡ್, ದೊಡ್ಡ ಬೈಕಿನ ಲೈಸೆನ್ಸಿಗೆ ಕನಿಷ್ಠ 10 ಸೆಕೆಂಡ್ ಹಿಡಿಯಬೇಕು. ಬೇಗ ದಾಟಿದರೆ ಅಂಕ ಕಡಿತ, ಪಟ್ಟಿಯಿಂದ ಕೆಳಗಿಳಿದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು.

ತರಬೇತಿ ಶಾಲೆಯಲ್ಲಿ ಶಿಕ್ಷಕರು ಎಲ್ಲಕ್ಕಿಂತ ಹೆಚ್ಚಾಗಿ ಹೇಳಿಕೊಟ್ಟದ್ದು ಮೊಣಕಾಲನ್ನು. ಎರಡೂ ಮೊಣಕಾಲಿನಿಂದ ಟ್ಯಾಂಕನ್ನು ಒತ್ತಿ ಹಿಡಿಯಬೇಕು, ಮೊಣಕೈ ಸಡಿಲ ಬಿಡಬೇಕು. ಹೊಸಬರು ಇದರ ಉಲ್ಟಾ ಮಾಡುತ್ತಾರೆ. ಕಾಲು ಅಗಲಿಸಿ, ಕೈ ಬಿಗಿ ಹಿಡಿದು ಕೂರುತ್ತಾರೆ. ಕೈ ಬಿಗಿಯಾದರೆ ಹ್ಯಾಂಡಲ್ ತಿರುಗುವುದಾದರೂ ಹೇಗೆ?

ರಂಗೋಲಿ ಪುಡಿಯಲ್ಲಿ ಎರಡು ಗೆರೆ ಎಳೆದು, ನಡುವೆ ಒಂದಡಿ ಬಿಟ್ಟು, ಹದಿನೈದು ಮೀಟರ್ ಉದ್ದಕ್ಕೆ ಇದನ್ನು ಮನೆಯ ಮುಂದೆಯೇ ಮಾಡಿಕೊಳ್ಳಬಹುದು.

ಕಲ್ಪತರು ಹುಡುಗಿ
ಇದು ಬಹಳ ಇಷ್ಟವಾಯಿತು. ಎಂಟು ಹಾಕಲು ಗುರುತಿಗೆ ತೆಂಗಿನ ಮಟ್ಟೆ ಇಟ್ಟುಕೊಳ್ಳಬಹುದೇ? ನಮ್ಮಲ್ಲಿ ಅದಕ್ಕೇನೂ ಬರವಿಲ್ಲ.

ದಾವಣಗೆರೆ ರೈಡರ್
ಮಟ್ಟೆ ಬೇಡ, ಚಕ್ರ ಹತ್ತಿದರೆ ಹೊರಳುತ್ತದೆ. ಖಾಲಿ ನೀರಿನ ಬಾಟಲಿಗೆ ಎರಡು ಹಿಡಿ ಮಣ್ಣು ತುಂಬಿ ನಿಲ್ಲಿಸಿ. ಅದು ತಗುಲಿದರೆ ಬೀಳುತ್ತದೆ, ಗಾಡಿ ಬೀಳುವುದಿಲ್ಲ.

ಎಂಟು ಹಾಕಿದವ
ಆರ್‌ಟಿಒ ವಿಷಯ ಹೇಳುತ್ತೇನೆ. ಎಲ್‌ಎಲ್‌ಆರ್ ಸಿಕ್ಕ 30 ದಿನದ ನಂತರ ಪರೀಕ್ಷೆಗೆ ಹೋಗಬಹುದು, ಎಲ್‌ಎಲ್‌ಆರ್‌ನ ಆಯುಷ್ಯ 6 ತಿಂಗಳು. ಆದ್ದರಿಂದ ಮೊದಲ ದಿನಾಂಕಕ್ಕೇ ಓಡಬೇಡಿ, ಕೈ ಪಳಗಿದ ಮೇಲೆ ಹೋಗಿ. ಪರೀಕ್ಷೆಗೆ ಗೇರ್ ಇರುವ ಗಾಡಿಯನ್ನೇ ತೆಗೆದುಕೊಂಡು ಹೋಗಬೇಕು. ಸ್ಕೂಟರಿನಲ್ಲಿ ಎಂಟು ಹಾಕಿ ಬಂದರೆ ಡಿಎಲ್‌ನಲ್ಲಿ ಗೇರ್ ಇಲ್ಲದ ಗಾಡಿ ಎಂದೇ ಬರುತ್ತದೆ.

ಎಂಟರಲ್ಲಿ ಕಷ್ಟದ ಜಾಗ ಒಂದೇ, ಎರಡು ಸುತ್ತು ಕೂಡುವ ನಡುಭಾಗ. ಅಲ್ಲಿ ಎಡದ ವಾಲುವಿಕೆ ಬಲಕ್ಕೆ ಬದಲಾಗಬೇಕು. ಬಹಳ ಜನ ನಡುಭಾಗಕ್ಕೆ ಬಂದ ಮೇಲೆ ತಲೆ ಹೊರಳಿಸುತ್ತಾರೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ನಡುಭಾಗ ಮುಟ್ಟುವ ಮೊದಲೇ ಕಣ್ಣು ಮುಂದಿನ ಸುತ್ತಿನ ಆಚೆ ಬದಿಗೆ ಹೋಗಿರಬೇಕು. ಮತ್ತೆ, ಸುತ್ತನ್ನು ಗೆರೆಗೆ ಅಂಟಿಕೊಂಡು ಸಣ್ಣದು ಮಾಡುವ ಅಗತ್ಯವಿಲ್ಲ. ಬಿಟ್ಟಿರುವ ಅಗಲವನ್ನೆಲ್ಲ ಬಳಸಿಕೊಳ್ಳಿ.

ಬೆಂಗಳೂರು ದಕ್ಷಿಣ
ಬೆಂಗಳೂರಿನ ಜ್ಞಾನಭಾರತಿ ಆರ್‌ಟಿಒದ ಸ್ವಯಂಚಾಲಿತ ಪರೀಕ್ಷಾ ಪಥದಲ್ಲಿ ಸೆನ್ಸರ್ ಇದೆ, ಕಾಲು ಊರಿದಾಗ ಪರೀಕ್ಷೆ ಮಾಡುವ ಬ್ರೇಕ್ ಇನ್ಸ್‌ಪೆಕ್ಟರ್ ಬೇರೆ ಕಡೆ ನೋಡುತ್ತಿದ್ದರು ಎಂಬ ಆಸೆ ಇಟ್ಟುಕೊಳ್ಳುವ ಹಾಗಿಲ್ಲ.

ದಾವಣಗೆರೆ ರೈಡರ್
ನನ್ನ ಕೇಳಿದರೆ ಎಲ್ಲ ಊರಿನಲ್ಲೂ ಹಾಗೆಯೇ ಇರಬೇಕು. ಏಜೆಂಟರ ಕೈಗೆ ದುಡ್ಡು ಕೊಟ್ಟು ಡಿಎಲ್ ತಂದವರು ಆಮೇಲೆ ರಸ್ತೆಯ ನಡುವೆ ಎರಡೂ ಕಾಲು ಇಳಿಬಿಟ್ಟುಕೊಂಡು ತಿರುಗಿಸುವುದನ್ನು ದಿನವೂ ನೋಡುತ್ತೇನೆ. ಹಿಂದಿನಿಂದ ಬರುವ ಬಸ್ಸಿನವನಿಗೆ ಅವರು ಯಾವ ಕಡೆ ಹೋಗುತ್ತಾರೆ ಎಂದೇ ತಿಳಿಯುವುದಿಲ್ಲ.

ಎಂಟು ಹಾಕಿದವ
ಅದು ಬೇರೆಯೇ ಚರ್ಚೆ, ಆದರೆ ಮಾತು ನಿಜ. ಎಂಟು ಹಾಕಿಸುವುದೇ ಈ ಕಲೆ ಬಂದಿದೆಯೇ ಎಂದು ನೋಡಲಿಕ್ಕೆ. ಅದನ್ನೇ ತಪ್ಪಿಸಿಕೊಂಡರೆ ಡಿಎಲ್ ಕಾಗದ ಇದ್ದೇನು ಫಲ?

ಸೀಗೆ ಬೈಲು
ಒಂದು ತಿದ್ದುಪಡಿ. ಮೇಲೆ "ಹಿಂದಿನ ಬ್ರೇಕ್ ಮಾತ್ರ ಒತ್ತಿ" ಎಂಬ ಅರ್ಥದಲ್ಲಿ ಹೇಳಿದ್ದೀರಿ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಗಾಡಿಗಳಿಗೆ ಎರಡೂ ಬ್ರೇಕ್ ಕೂಡಿಸುವ ವ್ಯವಸ್ಥೆ ಅಥವಾ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಇವರ ಸ್ಪ್ಲೆಂಡರ್ 2021ರದು. ಅಂದರೆ ಕಾಲಿನ ಬ್ರೇಕ್ ಜೋರಾಗಿ ಒತ್ತಿದರೆ ಮುಂದಿನ ಚಕ್ರವೂ ಹಿಡಿಯುತ್ತದೆ. ಹಗುರವಾಗಿ ಒತ್ತಿದರೆ ಹೆಚ್ಚಾಗಿ ಹಿಂದಿನದೇ ಹಿಡಿಯುವುದು. ಹಳೆಯ ಗಾಡಿಯಲ್ಲಿ ಕಲಿತವರು ಒತ್ತುವಷ್ಟು ಇದರಲ್ಲಿ ಒತ್ತಬಾರದು. ಸ್ಕೂಟರಿನ ಎಡಗೈ ಬ್ರೇಕಿಗೂ ಇದೇ ಮಾತು.

ಸ್ಪ್ಯಾನರ್ ಹಾಸನ
ಸರಿಯಾಗಿ ಹೇಳಿದಿರಿ, ನಾನು ಸೇರಿಸಬೇಕಾಗಿದ್ದ ಮಾತು. ಒತ್ತುವುದು ಎಂದರೆ ಹೆಬ್ಬೆರಳಿನ ಬುಡದಿಂದ ಮುಟ್ಟಿದಷ್ಟು. ಪಾದ ಪೂರ್ತಿ ಪೆಡಲ್ ಮೇಲೆ ಹೇರಬಾರದು. ಬಹಳ ಎತ್ತರದಲ್ಲಿದ್ದರೆ ಪೆಡಲನ್ನು ಕಾಲಿಗೆ ತಕ್ಕಂತೆ ಇಳಿಸಿಕೊಡಲು ಮೆಕ್ಯಾನಿಕ್‌ಗೆ ಹೇಳಿ.

ಹ್ಯಾಂಡಲ್ ಮಡಚಿಕೊಳ್ಳುತ್ತದೆ ಎಂದಿದ್ದೀಯಲ್ಲ ತಂಗಿ, ಒಮ್ಮೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಕಡೆಯ ಬೇರಿಂಗ್) ಕೂಡ ನೋಡಿಸು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗಲ್ಲ ಇದು, ನಿಜವಾಗಿಯೂ ನೆಲ ಡೊಂಕಿರಬಹುದು. ಗಾಡಿಯನ್ನು ದೊಡ್ಡ ಸ್ಟ್ಯಾಂಡಿಗೆ ಹಾಕಿ ಹಿಂದೆ ಒಬ್ಬರು ಒತ್ತಿ ಹಿಡಿದರೆ ಮುಂದಿನ ಚಕ್ರ ನೆಲ ಬಿಡುತ್ತದೆ. ಆಗ ಒಂದೇ ಬೆರಳಿನಿಂದ ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ಮೆಲ್ಲಗೆ ತಿರುಗಿಸಿ ನೋಡಬೇಕು. ನಟ್ಟನಡುವೆ ಗುಂಡಿಗೆ ಬಿದ್ದ ಹಾಗೆ "ಟಕ್" ಎಂದು ಕೂತುಕೊಂಡರೆ ಕೋನ್ ಸೆಟ್ ಸವೆದಿದೆ. ಅಂಥ ಗಾಡಿಯಲ್ಲಿ ಎಂಥ ಪಳಗಿದವರಿಗೂ ನಿಧಾನದಲ್ಲಿ ನೇರ ಹೋಗುವುದೇ ಕಷ್ಟ, ಇನ್ನು ತಿರುವಿನ ಮಾತೆಲ್ಲಿ! ಮುಂದಿನ ಟಯರಿನ ಗಾಳಿಯೂ ಅಷ್ಟೆ. ಕಡಿಮೆಯಾದರೆ ಹ್ಯಾಂಡಲ್ ಭಾರವಾಗಿ ಒಳಕ್ಕೆ ಎಳೆಯುತ್ತದೆ. ಸ್ಪ್ಲೆಂಡರಿಗೆ ಮುಂದೆ 25 ಪಿಎಸ್‌ಐ, ಹಿಂದೆ 28 ಪಿಎಸ್‌ಐ ಇರಲಿ.

ಯೆಜ್ಡಿ ಮೈಸೂರು
ಒಳಕ್ಕೆ ವಾಲುವ ಮಾತಿನಲ್ಲಿ ಮೇಷ್ಟ್ರ ವಿವರಣೆ ಒಪ್ಪುತ್ತೇನೆ. ಆದರೆ ಹಳೆಯ ಗಾಡಿಗಳ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಬಂದ ಜಾವಾ, ಯೆಜ್ಡಿ ಬೈಕ್‌ಗಳಲ್ಲಿ ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ನಡುರಸ್ತೆಯಲ್ಲಿ ತಿರುಗಿಸುವಾಗ ಎಂಜಿನ್ ನಿಂತುಹೋದರೆ ಅದೇ ಲಿವರನ್ನು ಮೇಲಕ್ಕೆ ಮಡಚಿ ಒದೆಯಬೇಕು. ಹಾಗಾಗಿ ಎಂಜಿನ್ ಆರದ ಹಾಗೆ ಕ್ಲಚ್ ಆಡಿಸುವುದನ್ನು ಕಲಿಯದೆ ನಮಗೆ ಬೇರೆ ದಾರಿಯೇ ಇರಲಿಲ್ಲ. ಇಂದಿಗೂ ಆ ಎಡಗೈ ರೂಢಿ ಬಿಟ್ಟಿಲ್ಲ.

ಸೀಗೆ ಬೈಲು
ಹಳೆಯ ಬುಲೆಟ್ಟಿನಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಬಲಕ್ಕೆ ಯೂ-ಟರ್ನ್ ತೆಗೆದುಕೊಳ್ಳುವಾಗ ಬ್ರೇಕ್ ಬಿಡದೆಯೇ ಬಲಗಾಲು ಊರಬಹುದಿತ್ತು. ನಮ್ಮ ದೊಡ್ಡಪ್ಪ ಈಗಿನ ಗಾಡಿ ಹತ್ತಿದರೆ ಎಡಗಾಲು ಬ್ರೇಕ್ ಹುಡುಕುತ್ತದೆ.

ಮಲೆನಾಡ ತಿರುವು
ಘಾಟಿಯ ಮಾತು ಬಂದದ್ದರಿಂದ ಹೇಳುತ್ತೇನೆ. ನಿಧಾನದ ತಿರುವು ಸರಿಯಾಗಿ ಬಾರದವರು ಆಗುಂಬೆ ಘಾಟಿಗೆ ಹೊರಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ 27. ಯೂ-ಟರ್ನ್ ಎಂದರೆ ಸಮನೆಲದಲ್ಲಿ, ಇದು ಇಳಿಜಾರಿನ ಮೇಲೆ ಯೂ-ಟರ್ನ್.

ಹತ್ತುವಾಗ ತಿರುವಿಗೆ ಮೊದಲೇ ಗೇರ್ ಇಳಿಸಬೇಕು. ನಡುವೆ ಇಳಿಸಲು ಹೋದರೆ ತಳ್ಳು ಹೋಗಿ ಗಾಡಿ ನಿಂತುಬಿಡುತ್ತದೆ. ತಿರುವಿನ ಒಳ ಅಂಚು ಎಲ್ಲಕ್ಕಿಂತ ಕಡಿದಾಗಿರುತ್ತದೆ. ಎಡ ತಿರುವಿನಲ್ಲಿ ಆ ಅಂಚಿಗೆ ಅಂಟಿಕೊಳ್ಳದೆ ನಮ್ಮ ಪಾಲಿನ ರಸ್ತೆಯಲ್ಲೇ ಸ್ವಲ್ಪ ಅಗಲ ತೆಗೆದುಕೊಳ್ಳಬೇಕು. ಇಳಿಯುವಾಗ ಕ್ಲಚ್ ಹಿಡಿದು ಗಾಡಿಯನ್ನು ಹರಿಯಬಿಡಬಾರದು. ಕಡಿಮೆ ಗೇರಿನಲ್ಲಿ ಎಂಜಿನ್ನೇ ಹಿಡಿದುಕೊಳ್ಳಲಿ. ತಿರುವಿನೊಳಗೆ ಮುಂದಿನ ಬ್ರೇಕ್ ಬೇಡ, ಅದರ ಕೆಲಸ ನೇರ ಇರುವಾಗಲೇ ಮುಗಿಯಬೇಕು. ದೊಡ್ಡ ಗಾಡಿಗಳಿಗೆ ತಿರುವಿನ ಪೂರ್ತಿ ಅಗಲ ಬೇಕಾಗುತ್ತದೆ, ಆಚೆಯಿಂದ ಹಾರ್ನ್ ಕೇಳಿದರೆ ತಿರುವಿಗೆ ಮೊದಲೇ ನಿಂತುಬಿಡಿ. ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕು, ಅದು ಕಾನೂನೂ ಹೌದು.

ದಾವಣಗೆರೆ ರೈಡರ್
ಮಳೆಗಾಲದಲ್ಲಿ ಅದರ ಮೇಲೆ ಪಾಚಿ ಬೇರೆ.

ಮಲೆನಾಡ ತಿರುವು
ಪಾಚಿ, ಎಲೆ, ಒದ್ದೆಯಾದ ಬಿಳಿ ಪಟ್ಟೆ. ಊರೊಳಗಾದರೆ ಮ್ಯಾನ್‌ಹೋಲ್ ಮುಚ್ಚಳ ಮತ್ತು ಸಗಣಿ. ವಾಲಿದ ಚಕ್ರದ ಕೆಳಗೆ ಇವು ಯಾವುವೂ ಬರಬಾರದು.

ಕಲ್ಪತರು ಹುಡುಗಿ
ಎಲ್ಲರಿಗೂ ವಂದನೆ. ಕೋನ್ ಸೆಟ್ ನೋಡಿಸಿದೆ, ಚೆನ್ನಾಗಿದೆ. ಗಾಳಿ ಮಾತ್ರ ಬಹಳ ಕಡಿಮೆಯಿತ್ತು. ಬಾಟಲಿ ಇಟ್ಟು ಅಭ್ಯಾಸ ಮಾಡುತ್ತಿದ್ದೇನೆ. ಎಡಕ್ಕೆ ಸುತ್ತು ಹಾಕುವುದು ಹದಕ್ಕೆ ಬರುತ್ತಿದೆ. ಬಲಕ್ಕೆ ಮಾತ್ರ ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಗಾಡಿ ಜಗ್ಗುತ್ತದೆ, ಒಮ್ಮೊಮ್ಮೆ ಮುಂದಕ್ಕೆ ನೆಗೆಯುತ್ತದೆ. ನಮ್ಮಲ್ಲಿ ಯೂ-ಟರ್ನ್ ಎಲ್ಲ ಬಲಕ್ಕೇ ಅಲ್ಲವೇ? ಅದೇ ಬಾರದಿದ್ದರೆ ಏನು ಮಾಡಲಿ? ಜೊತೆಗೆ, ಎತ್ತರ ಐದು ಅಡಿ ಒಂದು ಅಂಗುಲ ಇರುವುದೂ ಕಾರಣವೇ?

ಕರಾವಳಿ ಸವಾರ
ಎತ್ತರ ಕಾರಣವಲ್ಲ. ಸ್ಪ್ಲೆಂಡರ್ ಸೀಟಿನ ಎತ್ತರ 785 ಮಿಲಿಮೀಟರ್. ನಿಂತಾಗ ಒಂದು ಪಾದ ಚೆನ್ನಾಗಿ ಊರಿದರೆ ಸಾಕು, ಎರಡೂ ಪಾದ ಪೂರ್ತಿ ನೆಲ ಮುಟ್ಟಬೇಕೆಂದಿಲ್ಲ. ತಿರುಗುವಾಗ ಕಾಲು ನೆಲಕ್ಕೆ ಬೇಕಾಗಿಯೇ ಇಲ್ಲ.

ಸ್ಪ್ಯಾನರ್ ಹಾಸನ
ಬಲಕ್ಕೆ ಕಷ್ಟವಾಗುವುದು ಬಹುತೇಕ ಎಲ್ಲರಿಗೂ, ಕಾರಣ ಕೈಯಲ್ಲಿದೆ. ನಿಂತ ಗಾಡಿಯ ಮೇಲೆ ಕೂತು ಹ್ಯಾಂಡಲನ್ನು ಬಲಕ್ಕೆ ತುದಿಯವರೆಗೆ ತಿರುಗಿಸಿ ನೋಡು. ಬಲ ಹಿಡಿ ಹೊಟ್ಟೆಯ ಹತ್ತಿರ ಬರುತ್ತದೆ, ಮಣಿಕಟ್ಟು ಮಡಚಿಕೊಳ್ಳುತ್ತದೆ, ಅದು ಮಡಚಿಕೊಂಡಾಗ ಆಕ್ಸಿಲರೇಟರ್ ತಾನಾಗಿಯೇ ತಿರುಗುತ್ತದೆ. ನೆಗೆಯುವುದು ಅದಕ್ಕೆ. ಅದೇ ಹೊತ್ತಿಗೆ ಎಡ ಹಿಡಿ ದೂರ ಹೋಗಿ ತೋಳು ಪೂರ್ತಿ ಚಾಚಿರುತ್ತದೆ, ಕ್ಲಚ್ಚನ್ನು ಹದವಾಗಿ ಹಿಡಿಯಲು ಬೆರಳಿಗೆ ಬಲ ಸಾಲುವುದಿಲ್ಲ. ಜಗ್ಗುವುದು ಅದಕ್ಕೆ. ಎಡ ತಿರುವಿನಲ್ಲಿ ಕ್ಲಚ್ ಹತ್ತಿರ ಬರುವುದರಿಂದ ಈ ತೊಂದರೆಯಿಲ್ಲ.

ಮದ್ದು ಎರಡು. ತಿರುವಿಗೆ ಮೊದಲೇ ಬಲಗೈಯನ್ನು ಹಿಡಿಯ ಹೊರ ತುದಿಗೆ ಸರಿಸಿ, ಮುಷ್ಟಿಯಲ್ಲಿ ಹಿಡಿಯುವ ಬದಲು ಹೆಬ್ಬೆರಳು ಮತ್ತು ಎರಡು ಬೆರಳಿನಲ್ಲಿ ಓರೆಯಾಗಿ ಹಿಡಿದುಕೋ. ಆಗ ಮಣಿಕಟ್ಟು ಮಡಚಿದರೂ ಆಕ್ಸಿಲರೇಟರ್ ಅಲುಗುವುದಿಲ್ಲ. ಎರಡನೆಯದು, ಭುಜಗಳನ್ನು ಹ್ಯಾಂಡಲ್ ಜೊತೆಗೇ ತಿರುಗಿಸು. ಸೊಂಟ ಎಡಕ್ಕೆ ಸರಿದಿರಲಿ, ಎದೆ ಬಲಕ್ಕೆ ಹೊರಳಿರಲಿ. ಎಡ ತೋಳಿಗೆ ಚಾಚಲು ಜಾಗ ಸಿಗುತ್ತದೆ. ಇದನ್ನು ಎಂಜಿನ್ ಆರಿಸಿ, ದೊಡ್ಡ ಸ್ಟ್ಯಾಂಡಿನ ಮೇಲೆಯೇ ಮಾಡಿ ನೋಡಬಹುದು.

ನಾಗೋಯಾ ಕನ್ನಡಿಗ
ಆ ಹಿಡಿತ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ನೆಲ ಸಮತಟ್ಟಾಗಿದ್ದರೆ ಆಕ್ಸಿಲರೇಟರ್ ಮುಟ್ಟದೆಯೇ ಬಲ ಸುತ್ತು ಮುಗಿಸಬಹುದು, ಬರೀ ಕ್ಲಚ್ ಸಾಕು.

ಧಾರವಾಡದ ಮೇಷ್ಟ್ರು
ವಾಲಿದ ಗಾಡಿಯನ್ನು ಕಾಲಿನಿಂದ ತಡೆದು ನಿಲ್ಲಿಸಲು ಹೋಗಬೇಡ ಮಗಳೇ. ಸ್ಪ್ಲೆಂಡರೇ 112 ಕಿಲೋ, ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಆದರೆ 195. ಕೈಮೀರಿತು ಅನ್ನಿಸಿದರೆ ಬಿಟ್ಟುಬಿಡು, ಕಾಲು ಹೊರಗೆ ತೆಗೆದುಕೋ. ಲೆಗ್ ಗಾರ್ಡ್ ಇರುವುದೇ ಅದಕ್ಕೆ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲು ಸೈಡ್ ಸ್ಟ್ಯಾಂಡ್ ಹೊರಗೆ ತೆಗೆದಿಡು, ಇಲ್ಲದಿದ್ದರೆ ಎತ್ತಿದ ಗಾಡಿ ಆಚೆ ಕಡೆಗೆ ಉರುಳುತ್ತದೆ. ಗೇರಿನಲ್ಲೇ ಇರಲಿ, ಜಾರುವುದಿಲ್ಲ. ಸೀಟಿಗೆ ಬೆನ್ನು ಕೊಟ್ಟು ಕೂತು, ಬೆನ್ನು ಬಾಗಿಸದೆ ಕಾಲಿನ ಬಲದಿಂದ ಏಳು.

ಕಲ್ಪತರು ಹುಡುಗಿ
ಮೇಷ್ಟ್ರೇ, ಖಂಡಿತ ನೆನಪಿಟ್ಟುಕೊಳ್ಳುತ್ತೇನೆ. ಕೊನೆಯದಾಗಿ ಒಂದು ಪ್ರಶ್ನೆ. ಅಮ್ಮನನ್ನು ಹಿಂದೆ ಕೂರಿಸಿಕೊಂಡು ಸಂತೆಗೆ ಹೋಗಬೇಕೆಂಬ ಆಸೆ. ಹಿಂದೆ ಒಬ್ಬರು ಕೂತರೆ ತಿರುವು ಇನ್ನೂ ಕಷ್ಟವೇ?

ಎಂಟು ಹಾಕಿದವ
ಎಲ್‌ಎಲ್‌ಆರ್ ಇರುವಾಗ ಬೈಕಿನ ಹಿಂದೆ ಕೂರಬಹುದಾದವರು ಕಲಿಸುವವರು ಮಾತ್ರ, ಅವರಿಗೆ ಡಿಎಲ್ ಇರಬೇಕು. ಅಮ್ಮನನ್ನು ಈಗ ಸ್ಕೂಟರಿನಲ್ಲೇ ಕರೆದುಕೊಂಡು ಹೋಗಿ. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ.

ಸೀಗೆ ಬೈಲು
ಡಿಎಲ್ ಬಂದ ಮೇಲಿನ ಮಾತು: ಹೌದು, ಕಷ್ಟ ಹೆಚ್ಚು. ಭಾರ ಹಿಂದಕ್ಕೆ ಹೋಗಿ ಮುಂದಿನ ಚಕ್ರ ಹಗುರವಾಗುತ್ತದೆ. ಅಮ್ಮ ಸೀರೆಯುಟ್ಟು ಒಂದೇ ಕಡೆಗೆ ಕಾಲು ಹಾಕಿ ಕೂತರೆ ಭಾರವೆಲ್ಲ ಎಡಕ್ಕೆ ಬೀಳುತ್ತದೆ, ಬಲಕ್ಕೆ ತಿರುಗುವಾಗ ಗಾಡಿ ವಾಲಲು ಒಲ್ಲೆ ಎನ್ನುತ್ತದೆ, ಎಡಕ್ಕೆ ತಿರುಗುವಾಗ ಬೇಗ ಬೀಳುತ್ತದೆ. ಮೊದಲು ಅಣ್ಣನನ್ನು ಎರಡೂ ಕಡೆ ಕಾಲು ಹಾಕಿಸಿ ಕೂರಿಸಿಕೊಂಡು ಬಾಟಲಿಗಳ ನಡುವೆ ಸುತ್ತು ಹಾಕಿ. ತಿರುವಿನಲ್ಲಿ ಅಲುಗಾಡದೆ, ನಿಮ್ಮ ಭುಜದ ಮೇಲಿಂದ ಮುಂದೆ ನೋಡುತ್ತಾ ಕೂರಲು ಅವನಿಗೆ ಹೇಳಿ. ಹಿಂದಿನ ಟಯರಿಗೆ ಇಬ್ಬರಿಗೆ ತಕ್ಕಷ್ಟು ಗಾಳಿ ಹಾಕಿಸಿಕೊಳ್ಳಿ. ಎಷ್ಟು ಎನ್ನುವುದು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿದೆ.

ಕಲ್ಪತರು ಹುಡುಗಿ
ಅಣ್ಣನಿಗೆ ಹೇಳಿದ್ದೇನೆ. ಹಿಂದೆ ಕೂರಲು ಒಪ್ಪಿದ್ದಾನೆ, ಆದರೆ "ಸ್ವಲ್ಪ ವೇಗ ಕೊಡು" ಎನ್ನುವುದನ್ನು ಬಿಡಲು ಇನ್ನೂ ಒಪ್ಪಿಲ್ಲ. ಈ ಚರ್ಚೆಯನ್ನು ಪೂರ್ತಿ ಓದಲು ಕೊಟ್ಟಿದ್ದೇನೆ.